ಮನಿ ಹೆಸರಿನ ಡೈರೆಕ್ಟರಿ

ನಮ್ಮ ಕಡೆ ಒಂದು ವಸ್ತುವಿಗೆ ಯಾರದಾದರೂ ಹೆಸರು ಅಂಟಿಕೊಂಡಿತು ಅಂದರೆ ಮುಗೀತು, ಆಮೇಲೆ ಅದು ಬಿಡೋದಿಲ್ಲ. ಕೊಟ್ಟೂರಿನಲ್ಲಿ ನಮ್ಮ ಮನೆಯ ಹಿಂದೆ ಒಂದು ಬಾವಿ ಇತ್ತಂತೆ. ಅದನ್ನು ತೋಡಿಸಿದವರ ವಂಶದವರು ಊರು ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು, ಬಾವಿ ಮುಚ್ಚಿ ಅದರ ಮೇಲೆ ಹಿಟ್ಟಿನ ಗಿರಣಿಯೂ ಎದ್ದಿತ್ತು. ಆದರೂ ನಮ್ಮವ್ವ ಜೋಳದ ಚೀಲ ಹೊರಿಸಿ ಕಳಿಸುವಾಗ ಆ ಬಾವಿಯವರ ಹೆಸರು ಹೇಳಿಯೇ ಕಳಿಸುತ್ತಿದ್ದಳು. ಹೊಲಗಳದ್ದೂ ಇದೇ ಕಥೆ. ಎಷ್ಟು ಕೈ ಬದಲಾದರೂ ಮೊದಲು ಕಲ್ಲು ಆರಿಸಿ ಹದ ಮಾಡಿದವನ ಹೆಸರೇ ಅದಕ್ಕೆ. ಸತ್ತವರನ್ನೂ ಊರು ಮರೆಯೋದಿಲ್ಲ ನೋಡು ಅಂತ ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ನಾನೂ ಅದನ್ನು ಚೆಂದದ ಮಾತು ಅಂತಲೇ ನಂಬಿದ್ದೆ. ಈಗ ನೆನಪಾದರೆ ಮೈಯೆಲ್ಲ ಉರಿಯುತ್ತದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ಹರಪನಹಳ್ಳಿಯ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡಲು ಸೇರಿದೆ. ದಿನಾ ಕೊಟ್ಟೂರಿನಿಂದ ಬಸ್ಸು. ನನ್ನ ಬಾಯಿ ಜೋರು ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆಮೇಲೆ ಬಸ್ಸಿನ ಕಂಡಕ್ಟರಿಗೂ ಗೊತ್ತಾಯಿತು. ಕಾಲೇಜು ನಡೆಸುತ್ತಿದ್ದವರು ಊರಿನ ನಾಲ್ಕು ಮಂದಿ ದೊಡ್ಡವರು ಸೇರಿದ ಒಂದು ಆಡಳಿತ ಮಂಡಳಿ. ಅವರಲ್ಲಿ ಕಾರ್ಯದರ್ಶಿಗಳ ಮಾತೇ ಕೊನೆ. ಅವರಿಗೂ ನಮ್ಮ ಅಪ್ಪನಿಗೂ ಶೇಂಗಾ ವ್ಯಾಪಾರದಲ್ಲಿ ಹಳೆಯ ಪರಿಚಯ. ನನಗೆ ಕೆಲಸ ಸಿಕ್ಕಿದ್ದು ಹೇಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಲ್ಯಾಬು ಅಂದರೆ ಲೈಬ್ರರಿಯ ಹಿಂದಿನ ಒಂದು ಕೋಣೆ. ಒಂದು ದೊಡ್ಡ ಕಂಪ್ಯೂಟರು, ಅದಕ್ಕೆ ತಂತಿ ಎಳೆದು ಜೋಡಿಸಿದ ಕೆಲವು ಟರ್ಮಿನಲ್ಲುಗಳು. ಟರ್ಮಿನಲ್ ಅಂದರೆ ಬರೀ ಪರದೆ ಮತ್ತು ಕೀಬೋರ್ಡು. ಯಾವುದರ ಮುಂದೆ ಕೂತು ಏನು ಒತ್ತಿದರೂ ಅದು ಹೋಗಿ ಸೇರುವುದು ಆ ಒಂದೇ ಕಂಪ್ಯೂಟರಿಗೆ. ಈ ಮಾತು ಮುಂದೆ ಬೇಕಾಗುತ್ತದೆ.

ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವನು ಅರಸೀಕೆರೆಯವನು, ಹಾಸನದ ಕಡೆಯದಲ್ಲ, ಹರಪನಹಳ್ಳಿ ಹತ್ತಿರದ್ದು, ನನಗಿಂತ ಸ್ವಲ್ಪ ಚಿಕ್ಕವನು. ಡಿಪ್ಲೊಮಾ ಮಾಡಿಕೊಂಡಿದ್ದ. ಅವರ ಮನೆಯಲ್ಲಿ ತಿಂಗಳ ಸಂಬಳದ ಕೆಲಸ ಅಂತ ಕಂಡವನು ಅವನೇ ಮೊದಲನೆಯವನು. ತಾತ್ಕಾಲಿಕ ನೌಕರಿ, ಆದರೆ ಬರುವ ವರ್ಷ ಕಾಯಂ ಮಾಡುತ್ತೇವೆ ಅಂತ ಮಂಡಳಿಯವರು ಬಾಯಿಮಾತಿನಲ್ಲಿ ಹೇಳಿದ್ದರು. ಅವನ ಜೀವವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಮನೆಗೆ ಹೆಂಚು ಹಾಕಿಸುವುದು, ತಂಗಿಯ ಓದು, ತನ್ನ ಮದುವೆ, ಏನು ಕೇಳಿದರೂ ಕಾಯಂ ಆದ ಮೇಲೆ ಅನ್ನುತ್ತಿದ್ದ. ನನ್ನನ್ನು ಕಾಲೇಜಿನೊಳಗೆ ಮೇಡಂ ಅಂತಲೂ ಗೇಟು ದಾಟಿದ ಮೇಲೆ ಅಕ್ಕ ಅಂತಲೂ ಕರೆಯುತ್ತಿದ್ದ. ಗೇಟು ಅಂದರೆ ಗೇಟೇ. ಒಳಗೆ ಒಂದು ಸಲವೂ ಅಕ್ಕ ಅನ್ನಲಿಲ್ಲ.

ಕಂಪ್ಯೂಟರಿಗೆ ಲಿನಕ್ಸ್ ಹಾಕಿದವನು ಅವನು. ಯಾವುದೋ ಪತ್ರಿಕೆಯ ಜೊತೆ ಬಂದಿದ್ದ ಸಿಡಿಯಿಂದ ಹಾಕಿದ. ಹಾಕುವಾಗ ಅದು, ಒಳಗೆ ಬರುವವರ ಹೆಸರು ಏನು ಅಂತ ಕೇಳುತ್ತದೆ. ಕೊಟ್ಟ ಹೆಸರಿನಲ್ಲಿಯೇ ಒಂದು ಡೈರೆಕ್ಟರಿ ಮಾಡುತ್ತದೆ, ಅಂದರೆ ಫೈಲುಗಳನ್ನು ಇಡುವ ಜಾಗ. ಆಗ ಇದ್ದ ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯರು, ನಿವೃತ್ತಿಗೆ ಹತ್ತಿರ ಬಂದಿದ್ದರು. ಅವರು ಹಿಂದೆ ನಿಂತು, ಕಾಲೇಜಿನ ಹೆಸರು ಬೇಡ, ಮಾಡಿದವನು ನೀನು, ನಿನ್ನ ಹೆಸರೇ ಇರಲಿ ಅಂದರಂತೆ. ಅವನಿಗೆ ನಾಚಿಕೆ. ತನ್ನ ಹೆಸರು ಹಾಕಲಿಲ್ಲ, ಮನಿ ಹೆಸರು, ಅಂದರೆ ಮನೆತನಕ್ಕೆಲ್ಲ ಇರುವ ಅಡ್ಡಹೆಸರು ಹಾಕಿದ. ತನ್ನೊಬ್ಬನದು ಹಾಕಿದರೆ ತಾನೊಬ್ಬನೇ ಆಗುತ್ತೇನೆ, ಮನಿ ಹೆಸರಾದರೆ ಅಪ್ಪ, ಅಜ್ಜ, ಅವ್ವ ಎಲ್ಲರೂ ಬರುತ್ತಾರೆ ಅಂತ ನನಗೆ ಹೇಳಿದ. ಆ ಹೆಸರನ್ನು ನಾನು ಇಲ್ಲಿ ಬರೆಯೋದಿಲ್ಲ. ಕೇಳಿದ ಕೂಡಲೇ ಯಾವ ಕೇರಿಯವರು ಅಂತ ನಮ್ಮ ಕಡೆಯ ಯಾರು ಬೇಕಾದರೂ ಹೇಳಿಬಿಡಬಹುದಾದ ಹೆಸರು ಅದು. ಬರೆದರೆ ಅದನ್ನೇ ಹಿಡಿದುಕೊಂಡು ಹುಡುಕುವವರಿದ್ದಾರೆ.

ಒಂದು ಸಲ ಅವನ ತಾಯಿ ದವಾಖಾನೆಗೆ ಅಂತ ಹರಪನಹಳ್ಳಿಗೆ ಬಂದವರು ಲ್ಯಾಬಿಗೂ ಬಂದರು. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಸೆರಗು ಹೊದ್ದು, ಗೋಡೆಗೆ ಒತ್ತಿಕೊಂಡು ನಿಂತರು. ಕೂತುಕೊಳ್ಳಿ ಅಂದರೆ ಕೂರಲಿಲ್ಲ. ಅವರಿಗೆ ಓದಲು ಬರುತ್ತಿರಲಿಲ್ಲ. ಅವನು ಪರದೆಯ ಮೇಲೆ ಬೆರಳಿಟ್ಟು ಇದು ನಮ್ಮ ಮನಿ ಹೆಸರು ನೋಡವ್ವ ಅಂದ. ಇಂಗ್ಲಿಷ್ ಅಕ್ಷರದಲ್ಲಿ ಇತ್ತು, ಆದರೇನು. ಆಯಮ್ಮ ಪರದೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಇದನ್ನು ಯಾರಾದರೂ ಅಳಿಸಿಬಿಡ್ತಾರೇನು ಅಂತ ನನ್ನನ್ನು ಕೇಳಿದರು. ಯಾರೂ ಅಳಿಸೋದಿಲ್ಲಮ್ಮ ಅಂದೆ. ನಾನು ಹೇಳಿದ್ದು ಸುಳ್ಳಾಗಲಿಲ್ಲ.

ಹೀಗೆ ಹೆಸರು ಬಿತ್ತಲ್ಲ, ಆಮೇಲೆ ಇಡೀ ಕಾಲೇಜು ಅದನ್ನೇ ಹೊಡೆದು ಒಳಗೆ ಹೋಗತೊಡಗಿತು. ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು ಮಾಡಿ ಕೊಡುತ್ತೇನೆ ಅಂತ ಅವನು ಹೇಳಿದ. ಯಾರಿಗೂ ಬೇಕಾಗಿರಲಿಲ್ಲ. ಅದೆಲ್ಲ ಯಾಕಪ್ಪ, ಇರೋದು ಒಂದು ಐತಲ್ಲ ಅಂದರು. ಪಾಸ್‌ವರ್ಡನ್ನು ಒಂದು ರಟ್ಟಿನ ಮೇಲೆ ಬರೆದು ಗೋಡೆಯ ಮೊಳೆಗೆ ನೇತುಹಾಕಿಸಿದವರು ಹೊಸದಾಗಿ ಬಂದ ಪ್ರಭಾರ ಪ್ರಿನ್ಸಿಪಾಲರು. ಮನೆಯ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುವ ಜನ ನಾವು, ಇದರಲ್ಲಿ ತಪ್ಪೇನು ಕಂಡೀತು. ಲ್ಯಾಬಿಗೇ ಆ ಹೆಸರು ಬಂತು. ಗಣಿತದ ಮೇಷ್ಟ್ರು ಎಲ್ಲಿ ಅಂದರೆ, ಇಂಥವರ ಮನಿಯಾಗ ಅದಾರ ನೋಡ್ರಿ ಅಂತ ಜವಾನ ಅವನ ಮನಿ ಹೆಸರು ಹೇಳಿ ನಗುತ್ತಿದ್ದ. ಅವನೂ ನಗುತ್ತಿದ್ದ. ಆಗ ಅದು ನಗುವ ಮಾತೇ ಆಗಿತ್ತು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೊಟ್ಟೂರು ಬಸ್ಸೋ ಅವನ ಅರಸೀಕೆರೆ ಬಸ್ಸೋ ಬರುವ ತನಕ ಮಂಡಕ್ಕಿ ಮಿರ್ಚಿ ತಿನ್ನುತ್ತ ನಿಲ್ಲುತ್ತಿದ್ದೆವು. ನನಗೆ ಪುಸ್ತಕದಲ್ಲಿ ಓದಿ ತಲೆಗೆ ಹತ್ತದ ವಿಷಯಗಳನ್ನು ಅವನು ಅಲ್ಲಿ ನಿಂತು ಬಿಡಿಸುತ್ತಿದ್ದ. ನಾನು ಕಲಿತ ಕಾಲೇಜಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಅಂತ ನನಗೆ ಖುಷಿ, ಅವನಿಗೆ ಕೇಳುವವರು ಸಿಕ್ಕರು ಅಂತ ಖುಷಿ.

ಕರ್ನೆಲ್ ಅಂದರೆ ಆ ವ್ಯವಸ್ಥೆಯ ಒಡಲೊಳಗಿನ ತುಂಡು, ಎಲ್ಲ ಪ್ರೋಗ್ರಾಮುಗಳನ್ನೂ ಓಡಿಸುವುದು, ನಿಲ್ಲಿಸುವುದು, ಅವಕ್ಕೆ ಜಾಗ ಕೊಡುವುದು ಅದು. ಒಂದು ಫೈಲು ಎಲ್ಲಿದೆ ಅನ್ನುವ ಪೂರ್ತಿ ವಿಳಾಸವನ್ನು ಕರ್ನೆಲ್ ಎಲ್ಲೂ ಬರೆದಿಟ್ಟುಕೊಂಡಿರೋದಿಲ್ಲ ಅಂತ ಒಂದು ದಿನ ಹೇಳಿದ. ನಾನು ನಂಬಲಿಲ್ಲ. ಮತ್ತೆ ಕೇಳಿದಾಗ ಹೇಗೆ ಹೇಳುತ್ತದೆ ಅಂದೆ. ಪ್ರತಿಯೊಂದಕ್ಕೂ ತನ್ನ ಹೆಸರು, ತನ್ನ ಮೇಲಿನವರು ಯಾರು, ಇಷ್ಟೇ ಗೊತ್ತಿರುತ್ತದೆ. ಕೇಳಿದಾಗ ಅದು ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತುತ್ತ, ಇದರ ಮೇಲೆ ಯಾರು, ಅದರ ಮೇಲೆ ಯಾರು ಅಂತ, ಎಲ್ಲಕ್ಕೂ ಮೇಲಿದ್ದರೂ ರೂಟ್, ಅಂದರೆ ಬುಡ, ಅಂತಲೇ ಕರೆಯುವ ಜಾಗದ ತನಕ ಹೋಗಿ, ಸಿಕ್ಕ ಹೆಸರುಗಳನ್ನೆಲ್ಲ ಪೋಣಿಸಿ ದಾರಿ ಮಾಡಿ ಕೊಡುತ್ತದೆ. ಅದಕ್ಕೆ ಪಾತ್ ಅನ್ನುತ್ತಾರೆ. ನಮ್ಮೂರಾಗ ಯಾರನ್ನ ಕಂಡ್ರೂ ಯಾರ ಪೈಕಿ, ಯಾರ ಮನಿ, ಯಾವ ಕೇರಿ ಅಂತ ಕೇಳ್ತಾರಲ್ಲಕ್ಕ, ಅದೇ ಪದ್ಧತಿ ಅಂದ. ಆಮೇಲೆ, ತನ್ನನ್ನೇ ಅದನ್ನು ಎಷ್ಟು ಸಲ ಕೇಳಿದ್ದಾರೆ ಅಂತ ಹೇಳಿದ. ಬಾಡಿಗೆಗೆ ಕೋಣೆ ಹುಡುಕುವಾಗ ಹರಪನಹಳ್ಳಿಯಲ್ಲಿ ಪ್ರತಿ ಮನೆಯವರೂ ಕೇಳಿದ್ದರಂತೆ. ಮೆಟ್ಟಿಲು ಹತ್ತಿ ಬುಡ ಮುಟ್ಟಿದ ಮೇಲೆ ಕೋಣೆ ಖಾಲಿ ಇರುತ್ತಿರಲಿಲ್ಲವಂತೆ. ಅದಕ್ಕೇ ದಿನಾ ಊರಿಂದ ಓಡಾಡುತ್ತಿದ್ದ.

ಇನ್ನೊಂದು ದಿನ ಕೋರ್ ಬಗ್ಗೆ ಹೇಳಿದ. ನಡೆಯುತ್ತಿರುವ ಪ್ರೋಗ್ರಾಂ ಒಂದು ಧೊಪ್ಪನೆ ಬಿದ್ದು ಸತ್ತಾಗ, ಅದರ ಹೊಟ್ಟೆಯಲ್ಲಿ ಇದ್ದದ್ದನ್ನೆಲ್ಲ ಕರ್ನೆಲ್ ಒಂದು ಫೈಲಿಗೆ ಸುರಿದು ಇಡುತ್ತದೆ. ಯಾಕೆ ಸತ್ತಿತು ಅಂತ ಆಮೇಲೆ ನೋಡಲಿಕ್ಕೆ. ಆ ಫೈಲಿನ ಹೆಸರು ಕೋರ್. ಅದನ್ನು ಎಲ್ಲಿ ಇಡುತ್ತದೆ ಅಂದೆ. ಪ್ರೋಗ್ರಾಂ ಯಾವ ಡೈರೆಕ್ಟರಿಯಲ್ಲಿ ನಿಂತುಕೊಂಡು ಓಡುತ್ತಿತ್ತೋ ಅಲ್ಲೇ ಇಡುತ್ತದಂತೆ. ತಪ್ಪು ಯಾರದು, ಒತ್ತಿದವರು ಯಾರು ಅನ್ನುವುದು ಅದಕ್ಕೆ ಬೇಡ. ನಿಂತ ಜಾಗ ಯಾವುದು ಅಷ್ಟೇ ನೋಡುತ್ತದೆ, ಯಾವ ಸೂಚನೆಯಿಂದ ಬಿತ್ತು ಅನ್ನುವ ಒಂದು ಅಂಕಿ ಬರೆಯುತ್ತದೆ. ಹೆಣ ಬಿದ್ದ ಹೊಲದವನನ್ನ ಕೊಲೆಗಾರ ಅನ್ನಂಗಿಲ್ಲ ನೋಡ್ರಿ ಅಂದ. ಇಬ್ಬರೂ ನಕ್ಕೆವು. ತೆಲಿಗಿ ಬಸ್ಸು ಬಂದು ಧೂಳೆಬ್ಬಿಸಿತು, ಮಂಡಕ್ಕಿ ಮುಚ್ಚಿಕೊಂಡೆವು.

ಆ ವರ್ಷ ಪರೀಕ್ಷೆಗೆ ಮುಂಚೆ ಎಲ್ಲ ತರಗತಿಗಳ ಇಂಟರ್ನಲ್ ಅಂಕಗಳನ್ನು ಕಂಪ್ಯೂಟರಿನಲ್ಲೇ ಕೂಡಿಸಿ ವಿಶ್ವವಿದ್ಯಾಲಯಕ್ಕೆ ಕಳಿಸುವುದು ಅಂತ ಆಯಿತು. ಅದಕ್ಕೆ ಪ್ರೋಗ್ರಾಂ ಬರೆದವನು ಅವನೇ. ಕಾಯಂ ಆಗುವ ಮೊದಲು ಮಂಡಳಿಗೆ ತೋರಿಸಲು ಒಂದು ಕೆಲಸ ಸಿಕ್ಕಿತು ಅಂತ ಅವನಿಗೆ ಹುರುಪು. ಮೇಷ್ಟ್ರುಗಳು ಚೀಟಿಯಲ್ಲಿ ಬರೆದು ಕೊಟ್ಟ ಅಂಕಗಳನ್ನೆಲ್ಲ ನಾವಿಬ್ಬರೂ ಕೂತು ಹೊಡೆದೆವು. ಮುಗಿದ ದಿನವೇ ಹಿರೇಹಡಗಲಿಯಲ್ಲಿ ರಜೆ ಹಾಕಿ ಕೂತಿದ್ದ ಒಬ್ಬ ಮೇಷ್ಟ್ರ ಅಂಕಪಟ್ಟಿ ಬರಲಿಲ್ಲ ಅಂತ ಗೊತ್ತಾಗಿ, ಪ್ರಭಾರ ಪ್ರಿನ್ಸಿಪಾಲರು ಅದನ್ನು ತರಲು ಅವನನ್ನೇ ಅಟ್ಟಿದರು. ವಾಪಸ್ ಬಂದ ಕೂಡಲೇ ಎಲ್ಲದರ ನಕಲು ಫ್ಲಾಪಿಗೆ ತೆಗೆದಿಡುತ್ತೇನೆ, ಅಲ್ಲಿ ತನಕ ಯಾರೂ ಮುಟ್ಟಬೇಡಿ ಅಂತ ಹೇಳಿ ಹೋದ. ಬಾಗಿಲಿಗೆ ಚೀಟಿಯನ್ನೂ ಅಂಟಿಸಿ ಹೋದ.

ಮಧ್ಯಾಹ್ನ ನಾನು ಹುಡುಗಿಯರಿಗೆ ಪ್ರಾಕ್ಟಿಕಲ್ ಮಾಡಿಸುತ್ತಿದ್ದೆ. ಆಗ ವಾಣಿಜ್ಯ ವಿಭಾಗದ ಮೇಷ್ಟ್ರು ಬಂದರು. ಅವರು ಕಾರ್ಯದರ್ಶಿಗಳ ಅಳಿಯ. ಚೀಟಿ ಓದಿದರು, ಓದಿಯೂ ಬಂದರು. ನಮ್ಮ ಕ್ಲಾಸಿನ ಟೋಟಲ್ ಒಂಚೂರು ನೋಡ್ತೀನಿ ಅಂತ ಪಕ್ಕದ ಟರ್ಮಿನಲ್ಲಿಗೆ ಕೂತು, ಗೋಡೆಯ ರಟ್ಟು ನೋಡಿ ಅದೇ ಹೆಸರು ಹೊಡೆದು ಒಳಗೆ ಹೋಗಿ, ಕೂಡಿಸುವ ಪ್ರೋಗ್ರಾಂ ಶುರು ಮಾಡಿದರು. ಬೇಡ ಸರ್, ಅವನು ಬರಲಿ ಅಂದೆ. ಕೇಳಿಸದವರ ಹಾಗೆ ಇದ್ದರು. ಆ ಪ್ರೋಗ್ರಾಂ ಓಡುವಾಗ ಪರದೆಯ ಮೇಲೆ ಏನೂ ಬರುತ್ತಿರಲಿಲ್ಲ. ಹಳೆಯ ಫೈಲನ್ನು ಓದಿಕೊಂಡು, ಅದರ ಮೇಲೆಯೇ ಹೊಸದಾಗಿ ಬರೆಯುತ್ತ ಹೋಗುತ್ತಿತ್ತು. ಅವರಿಗೆ ತಾಳ್ಮೆ ಇಲ್ಲ. ಕೆಟ್ಟು ನಿಂತೈತಿ ಇದು ಅನ್ನುತ್ತ ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಒಂದೊಂದೇ ಕೀಲಿ ಬಡಿಯತೊಡಗಿದರು. ಹಿಂದಕ್ಕೆ ವಾಲಿದ ಓರೆಗೆರೆಯ ಕೀಲಿಗೆ ಬೆರಳು ಬಿತ್ತು. ಕ್ವಿಟ್, ಕೋರ್ ಡಂಪ್ಡ್ ಅಂತ ಒಂದು ಸಾಲು ಬಂತು. ಅವರು ಎದ್ದು, ಇದೆಲ್ಲ ಆಗೋ ಹೋಗೋ ಕೆಲಸಲ್ಲ ಅಂತ ಪಂಚೆ ಕೊಡವಿಕೊಂಡು ಚಹಾ ಕುಡಿಯಲು ಹೋದರು.

ಫೈಲು ಅರ್ಧಕ್ಕೆ ನಿಂತಿತ್ತು. ಉಳಿದರ್ಧ ಹೋಗಿತ್ತು. ಅವನು ಸಂಜೆ ಬಸ್ಸಿಳಿದು ಹಿರೇಹಡಗಲಿಯ ಅಂಕಪಟ್ಟಿ ಕೈಯಲ್ಲಿ ಹಿಡಿದು ಬಂದಾಗ ನಾನು ಬಾಗಿಲಲ್ಲೇ ಹೇಳಿದೆ. ಕೂತು ನೋಡಿದ. ಕೋರ್ ಫೈಲನ್ನು ತೆರೆದು ಆ ಅಂಕಿ ನೋಡಿದ. ಮೂರು. ಅಂದರೆ ಪ್ರೋಗ್ರಾಂ ತಾನಾಗಿ ಕೆಟ್ಟು ಬಿದ್ದಿಲ್ಲ, ಕೀಬೋರ್ಡಿನ ಮುಂದೆ ಕೂತ ಮನುಷ್ಯರು ನಿಲ್ಲು ಅಂತ ಒತ್ತಿದ್ದಾರೆ. ಇದು ಐತಲ್ಲ ಮೇಡಂ, ಇದು ಸಾಕ್ಷಿ ಅಂತ ಸಮಾಧಾನ ಮಾಡಿಕೊಂಡ. ನಾನೂ ಹಾಗೇ ಅಂದುಕೊಂಡೆ. ಇಬ್ಬರೂ ಎಂಥ ದಡ್ಡರು.

ನಾವು ಹೊಡೆದು ವಾಪಸ್ ಕೊಟ್ಟಿದ್ದ ಚೀಟಿಗಳನ್ನು ಮೇಷ್ಟ್ರುಗಳು ಎಸೆದುಬಿಟ್ಟಿದ್ದರು. ನೆನಪಿನ ಮೇಲೆ, ಅಂದಾಜಿನ ಮೇಲೆ ಅಂಕ ಹಾಕಿ ಕಳಿಸಿದರು. ಚೆನ್ನಾಗಿ ಓದುತ್ತಿದ್ದವರಿಗೆ ಕಡಿಮೆ ಬಂತು. ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ ತಂದೆತಾಯಿಗಳು ಬಂದು ಪ್ರಿನ್ಸಿಪಾಲರ ಕೋಣೆಯ ಮುಂದೆ ಗಲಾಟೆ ಮಾಡಿದರು. ಮಂಡಳಿಗೆ ಈಗ ಒಬ್ಬ ಮನುಷ್ಯ ಬೇಕಾಗಿತ್ತು, ಇವನೇ ನೋಡಿ ಅಂತ ತೋರಿಸಲಿಕ್ಕೆ. ಹೊರಗಿನಿಂದ ಒಬ್ಬ ಎಂಜಿನಿಯರನ್ನು ಕರೆಸಿದರು. ಅವರು ಏನೇನೋ ಹೊಡೆದು ನೋಡಿ, ಕೋರ್ ಫೈಲು ಬಿದ್ದಿದ್ದ ಪಾತನ್ನು ಹಾಳೆಯ ಮೇಲೆ ಇಳಿಸಿಕೊಂಡರು.

ವಿಚಾರಣೆ ನಡೆದದ್ದು ಮಂಡಳಿಯ ಕೋಣೆಯಲ್ಲಿ. ಅಳಿಯ ಮೇಷ್ಟ್ರೂ ಕೂತಿದ್ದರು. ಎಂಜಿನಿಯರು ಪಾತನ್ನು ಓದಿದರು. ಮೊದಲು ಬುಡ, ಆಮೇಲೆ ಹೋಮ್, ಆಮೇಲೆ ಅವನ ಮನಿ ಹೆಸರು, ಕೊನೆಗೆ ಕೋರ್. ಆ ಹೆಸರು ಬಂದ ಕೂಡಲೇ ಎಲ್ಲರ ಮುಖ ಅವನ ಕಡೆ ತಿರುಗಿತು. ದಿನಾ ಅದೇ ಹೆಸರು ಹೊಡೆದು ಒಳಗೆ ಹೋಗುತ್ತಿದ್ದ ಮಂದಿ, ಅವತ್ತು ಮೊದಲ ಸಲ ಕೇಳಿದವರ ಹಾಗೆ ನೋಡಿದರು. ಇದು ಯಾರ ಹೆಸರು ಅಂತ ಕಾರ್ಯದರ್ಶಿಗಳು ಕೇಳಿದರು. ನಮ್ಮ ಮನಿದ್ರಿ ಅಂದ.

“ಹೊಲ ಯಾರ ಹೆಸರಿನಾಗ ಐತೋ ಕಂದಾಯ ಅವರ ಕಟ್ಟಬೇಕಲ್ಲಪ್ಪ,” ಅಂದರು ಕಾರ್ಯದರ್ಶಿಗಳು.

ಕೋಣೆಯಲ್ಲಿ ಇದ್ದವರೆಲ್ಲ ಹೊಲ ಉಳ್ಳವರು. ಪಹಣಿಯಲ್ಲಿ ಹೆಸರು ಇರುವವನೇ ಧಣಿ, ಅವನೇ ಹೊಣೆ. ಅವರಿಗೆ ಆ ಲೆಕ್ಕ ಗೊತ್ತು, ಬೇರೆ ಲೆಕ್ಕ ಬೇಡ. ಪಾತ್ ಅನ್ನುವುದನ್ನು ಪಹಣಿ ಓದಿದ ಹಾಗೆ ಓದಿದರು. ಅವನು ನಿಧಾನಕ್ಕೆ ಹೇಳಲು ನೋಡಿದ. ಕರ್ನೆಲ್ ನಿಂತ ಜಾಗ ಬರೆಯುತ್ತದೆ, ಒತ್ತಿದವರನ್ನು ಬರೆಯೋದಿಲ್ಲ, ಎಲ್ಲರೂ ಒಂದೇ ಹೆಸರಿನಲ್ಲಿ ಬರುವುದು, ಆ ಅಂಕಿ ಮೂರು ಇದೆ ನೋಡಿ, ತಾನು ಆ ಹೊತ್ತಿಗೆ ಹಿರೇಹಡಗಲಿಯಲ್ಲಿ ಇದ್ದೆ ಅಂತ. ಎಂಜಿನಿಯರಿಗೆ ಅಂಕಿಯ ಅರ್ಥ ಗೊತ್ತಿತ್ತು. ಅವರ ಮುಖದಲ್ಲಿ ನಾನು ನೋಡಿದೆ, ಗೊತ್ತಿತ್ತು. ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಚಹಾದ ಕಪ್ಪು ಎತ್ತಿದರು. ಹಿರೇಹಡಗಲಿಗೆ ಹೋಗಿದ್ದೆ ಅಂದರೆ ಆಯ್ತಾ, ನಿನ್ನ ಹೆಸರಿನ ಪಾಸ್‌ವರ್ಡ್ ಗೋಡೆಗೆ ಯಾಕೆ ನೇತುಬಿಟ್ಟಿ ಅಂತ ಪ್ರಭಾರ ಪ್ರಿನ್ಸಿಪಾಲರು ಕೇಳಿದರು. ಅಲ್ಲಿಗೆ ಅಟ್ಟಿದವರೇ, ನೇತುಹಾಕಿಸಿದವರೇ ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತೆ. ಪಕ್ಕದ ಟರ್ಮಿನಲ್ಲಿನಲ್ಲಿ ನಾನೇ ಇದ್ದೆ, ಕೀಲಿ ಬಡಿದವರು ಇವರು ಅಂತ ಅಳಿಯ ಮೇಷ್ಟ್ರ ಕಡೆ ಕೈ ಮಾಡಿ ಹೇಳಿದೆ. ನಾನು ಮುಟ್ಟೇ ಇಲ್ಲ ಅಂತ ಅವರು ಅಂದರು. ಹುಡುಗಿಯರನ್ನು ಕರೆಸಿ ಕೇಳ್ರಿ ಅಂದೆ. ಹೆಣ್ಣುಮಕ್ಕಳನ್ನ ಇಂಥದಕ್ಕೆಲ್ಲ ಎಳೀಬ್ಯಾಡ್ರಿ ಅಂತ ಯಾರೋ ಅಂದರು. ಆಗ ಕಾರ್ಯದರ್ಶಿಗಳು ನನ್ನನ್ನು ನೋಡಿ ನಕ್ಕರು, ಸಿಟ್ಟೇ ಇಲ್ಲದ ನಗು.

“ತಂಗಿ, ನಿಮ್ಮಪ್ಪಾರು ನಮಗ ಬೇಕಾದವರು. ನೀ ಕುಂದ್ರವ್ವ.”

ನನಗೆ ಒಂದು ನೋಟೀಸೂ ಬರಲಿಲ್ಲ. ಅಷ್ಟು ಜನರ ಮುಂದೆ ಅಳಿಯನನ್ನು ಬೊಟ್ಟು ಮಾಡಿದವಳಿಗೆ ಏನೂ ಆಗಲಿಲ್ಲ, ಏನೂ ಮಾಡದವನನ್ನು ಆ ವಾರವೇ ತೆಗೆದುಹಾಕಿದರು. ನಾನೂ ಒಂದು ಪಾತ್. ಕೆಳಗಿನಿಂದ ಹತ್ತಿಕೊಂಡು ಹೋದರೆ ಅಪ್ಪನ ಅಂಗಡಿ ಸಿಗುತ್ತದೆ, ಅದರ ಮೇಲೆ ಅವರೇ ಸಿಗುತ್ತಾರೆ. ಇದನ್ನು ಮೊದಲು ಯಾಕೆ ಕಾಣಲಿಲ್ಲ ಅಂತ ನನ್ನ ಮೇಲೆಯೇ ಅಸಹ್ಯ ಹುಟ್ಟಿತು.

ಅವನು ಲ್ಯಾಬಿನಲ್ಲಿ ತನ್ನ ಊಟದ ಡಬ್ಬಿ, ಎರಡು ಪುಸ್ತಕ ಎತ್ತಿಕೊಂಡ. ಗೇಟಿನ ಹೊರಗೆ ಬಂದ ಮೇಲೆ ನಾನು ಬೈಯುತ್ತಲೇ ಇದ್ದೆ, ಆ ಅಳಿಯನನ್ನು, ಆ ಎಂಜಿನಿಯರನ್ನು, ಆ ದರಿದ್ರ ಕಂಪ್ಯೂಟರನ್ನು.

“ಕಂಪ್ಯೂಟರಿಗೆ ಬೈಬ್ಯಾಡ್ರಿ ಅಕ್ಕ,” ಅಂದ. “ಕರ್ನೆಲ್ಲಿಗೆ ಮನುಷ್ಯಾರು ಯಾರಂತ ಗೊತ್ತಿಲ್ಲ. ಇವರಿಗೆ ಗೊತ್ತೈತಿ. ಅಷ್ಟ ಫರಕು.”

ಅವನು ಹೋದ ಮೇಲೆ ಕಾರ್ಯದರ್ಶಿಗಳು ಆ ಹೆಸರು ಕಂಪ್ಯೂಟರಿನಲ್ಲಿ ಇರಕೂಡದು ಅಂದರು. ಅವನ ಜಾಗಕ್ಕೆ ಹೊಸದಾಗಿ ಬಂದವನು ಡೈರೆಕ್ಟರಿಯ ಹೆಸರು ಬದಲಾಯಿಸಿ ಕಾಲೇಜಿನ ಹೆಸರು ಇಟ್ಟ, ತೆಂಗಿನಕಾಯಿಯನ್ನೂ ಒಡೆದರು. ಮಾರನೆಯ ದಿನ ಏನೂ ನಡೆಯಲಿಲ್ಲ. ಫೀ ರಸೀತಿ ಬರಲಿಲ್ಲ, ಹಾಜರಿ ಬರಲಿಲ್ಲ, ಪ್ರಿಂಟರು ಕೂಡ ಮಾತು ಕೇಳಲಿಲ್ಲ. ಅವನು ಬರೆದ ಪ್ರತಿ ಪ್ರೋಗ್ರಾಮಿನ ಒಳಗೂ ಹಳೆಯ ಪಾತ್ ಇತ್ತು. ಎಲ್ಲವೂ ಅವನ ಮನಿ ಹೆಸರಿನ ಬಾಗಿಲಿಗೆ ಹೋಗಿ, ಬಾಗಿಲು ಕಾಣದೆ ಬೀಳುತ್ತಿದ್ದವು. ಸರಿ ಮಾಡಿಕೊಡಿ ಅಂತ ನನ್ನ ಹತ್ತಿರ ಬಂದರು. ನನಗೆ ಬರಂಗಿಲ್ಲ ಅಂದೆ. ಬರುತ್ತಿತ್ತು, ಮಾಡಲಿಲ್ಲ, ಅದೊಂದೇ ಕೆಲಸಕ್ಕೆ ನನಗೆ ಇವತ್ತಿಗೂ ಸಮಾಧಾನ ಇದೆ. ಎರಡು ದಿನ ಒದ್ದಾಡಿ ಹಳೆಯ ಹೆಸರನ್ನೇ ವಾಪಸ್ ಇಟ್ಟರು. ಪಾಸ್‌ವರ್ಡ್ ಮಾತ್ರ ಬದಲಾಯಿಸಿದರು.

ಆಮೇಲಿನ ವರ್ಷಗಳಲ್ಲಿ ಅವನು ಎಲ್ಲೆಲ್ಲೋ ಕೆಲಸ ಮಾಡಿದ. ಕೊಟ್ಟೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಇದ್ದಾಗ ಆಗಾಗ ಸಿಗುತ್ತಿದ್ದ. ತಂಗಿಯ ಓದು ನಿಂತಿತ್ತು. ಮದುವೆಯ ಮಾತು ಅವನೂ ಎತ್ತುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಹಡಗಲಿಯ ಒಂದು ಸಂಸ್ಥೆಯಲ್ಲಿ ಲ್ಯಾಬ್ ಕೆಲಸ ಖಾಲಿ ಇದೆ, ಕಾಯಂ ಕೆಲಸ, ಆದರೆ ಹಿಂದೆ ಕೆಲಸ ಮಾಡಿದ ಅನುಭವಕ್ಕೆ ಪ್ರಮಾಣಪತ್ರ ಕೇಳುತ್ತಾರೆ ಅಂತ ಒಂದು ದಿನ ಹೇಳಿದ. ಅವನ ವಯಸ್ಸಿಗೆ ಅದೇ ಕೊನೆಯ ಅವಕಾಶ. ನಮ್ಮ ಕಾಲೇಜಿಗೇ ಬಾ, ನಾನೇ ಜೊತೆಗಿರ್ತೀನಿ ಅಂತ ಕರೆದೆ. ಕಾರ್ಯದರ್ಶಿಗಳು ತೀರಿಕೊಂಡಿದ್ದರು, ಆಫೀಸಿನಲ್ಲಿ ಹೊಸಬರಿದ್ದರು, ಈಗ ಯಾರಿಗೆ ಏನು ಹಟ ಅಂತ ನನಗೊಂದು ಆಸೆ ಇತ್ತು. ಗೇಟಿನ ಹತ್ತಿರ ಬಂದಾಗ ಅವನು ನಕ್ಕು, ನಮ್ಮ ಹೆಸರು ಅಲ್ಲಿ ಐತೋ ಅಳಿಸ್ಯಾರೋ ಅಂತ ಅವ್ವ ಇನ್ನೂ ಕೇಳ್ತಾಳ ಅಂದ. ಗೊತ್ತಿಲ್ಲವ್ವ ಅಂತ ಹೇಳುತ್ತ ಬಂದಿದ್ದನಂತೆ.

ಗುಮಾಸ್ತ ಹೊಸಬ, ಒಳ್ಳೆಯ ಸ್ವಭಾವದವನು, ಕುರ್ಚಿ ಎಳೆದು ಕೊಟ್ಟು ಕೂರಿಸಿದ. ಹಳೆಯ ಕಂಪ್ಯೂಟರು ಈಗ ಆಫೀಸಿನಲ್ಲಿ ಇತ್ತು, ಲ್ಯಾಬಿನ ಟರ್ಮಿನಲ್ಲುಗಳಿಗೂ ಅಲ್ಲಿಂದಲೇ ತಂತಿ. ಅವನ ಎದುರಿಗೇ ಲಾಗಿನ್ ಕೇಳಿತು, ಗುಮಾಸ್ತ ಅವನ ಮನಿ ಹೆಸರು ಹೊಡೆದು ಒಳಗೆ ಹೋದ. ನೌಕರರ ಪಟ್ಟಿಯಲ್ಲಿ ಅವನ ಹೆಸರು ಹಾಕಿ ಹುಡುಕಿದ. ಇಲ್ಲ. ಇನ್ನೊಂದು ಸಲ ಹುಡುಕಿದ. ಇಲ್ಲ. ತಾತ್ಕಾಲಿಕದವರ ಕಾಗದಗಳನ್ನು ಮಂಡಳಿಯವರು ಇಟ್ಟುಕೊಂಡಿರಲಿಲ್ಲ, ದಾಖಲೆ ಇಲ್ಲದೆ ಕೊಟ್ಟರೆ ತನ್ನ ಕುತ್ತಿಗೆಗೆ ಬರುತ್ತದೆ ಅಂತ ನಿಜವಾಗಿಯೂ ಬೇಜಾರು ಮಾಡಿಕೊಂಡು ಹೇಳಿದ. ಹುಡುಕಿದ ಪ್ರತಿ ಸಲವೂ ಪರದೆಯ ಎಡಗಡೆ, ಸಾಲಿನ ಮೊದಲಿಗೆ, ಆ ಮನಿ ಹೆಸರು ಬರುತ್ತಲೇ ಇತ್ತು. ಅವನು ಅದನ್ನೇ ನೋಡುತ್ತಿದ್ದ. ನಾನು ಬಾಯಿ ತೆಗೆಯುವಷ್ಟರಲ್ಲಿ ಅವನು ನನ್ನ ಕಡೆ ನೋಡಿ ಬೇಡ ಅನ್ನುವಂತೆ ತಲೆ ಆಡಿಸಿದ.

“ಇದು ಯಾರ ಹೆಸರ್ರಿ?” ಅಂತ ಪರದೆಯ ಕಡೆ ಬೆರಳು ಮಾಡಿ ಕೇಳಿದ.

“ಇದಾ? ಯಾರದೂ ಅಲ್ರಿ,” ಅಂದ ಗುಮಾಸ್ತ. “ಕಂಪ್ಯೂಟರಿನ ಹೆಸರು ಅದು. ಮೊದ್ಲಿಂದ ಹಂಗ ಐತಿ. ನಿಮ್ಮ ಮನಿ ಹೆಸರು ಏನ್ರಿ? ಅದನ್ನ ಹಾಕಿ ಒಂದು ಸಲ ಹುಡುಕ್ತೀನಿ.”

ಅವನು ಇರ್ಲಿ ಬಿಡ್ರಿ ಅಂತ ಎದ್ದ. ಇವನೇ ಅದು, ಇವನದೇ ಆ ಹೆಸರು ಅಂತ ಕೂಗಬೇಕು ಅಂತ ನನಗೆ ಅನ್ನಿಸಿತು. ಕೂಗಿದ್ದರೆ ಆ ಒಳ್ಳೆಯ ಗುಮಾಸ್ತ ಮೊದಲು ಕೇಳುತ್ತಿದ್ದದ್ದು ಏನು ಅಂತ ನನಗೆ ಗೊತ್ತಿತ್ತು. ಯಾವ ಕೇರಿ, ಯಾರ ಪೈಕಿ. ಆಮೇಲೂ ಪಟ್ಟಿಯಲ್ಲಿ ಹೆಸರು ಸಿಗುತ್ತಿರಲಿಲ್ಲ.

ಗೇಟಿನ ತನಕ ಹೋದೆ. ಹಡಗಲಿ ಕೆಲಸ ಕೈಬಿಟ್ಟು ಹೋಯಿತು ಅನ್ನೋದು ಇಬ್ಬರಿಗೂ ಗೊತ್ತಿತ್ತು. ಅರಸೀಕೆರೆ ಬಸ್ಸಿಗೆ ಹೊತ್ತಾಗಿತ್ತು. ಒಂದು ಹೆಜ್ಜೆ ಆಚೆ ಇಟ್ಟು ನಿಂತ.

“ಅವ್ವಗ ಹೇಳ್ತೀನಿ ಅಕ್ಕ,” ಅಂದ. “ನಮ್ಮ ಹೆಸರು ಇನ್ನೂ ಐತವ್ವ ಅಂತ.”

ಬೆಲ್ಲು ಹೊಡೆಯಿತು. ನಾನು ವಾಪಸ್ ಹೋಗಿ ಲ್ಯಾಬಿನಲ್ಲಿ ಕೂತೆ, ಹುಡುಗಿಯರು ಕಾಯುತ್ತಿದ್ದರು. ಪರದೆ ಲಾಗಿನ್ ಕೇಳಿತು. ಅವನ ಮನಿ ಹೆಸರು ಹೊಡೆದೆ, ಬೇರೆ ಹೆಸರು ಇರಲಿಲ್ಲ.